ಯಾವ ಯಂತ್ರಕ್ಕೆ ಯಾವ ಬಾಣ? ಹೊರೈಜನ್ ಝೀರೋ ಡಾನ್ ಬೇಟೆಗೆ ಒಂದು ಹೋಲಿಕೆ

‘ಯಾವ ಬಿಲ್ಲು ತಗೊಳ್ಳಲಿ?’ ಹೊರೈಜನ್ ಝೀರೋ ಡಾನ್ ಎಂಬ ವಿಡಿಯೋ ಗೇಮ್ ಶುರು ಮಾಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತಾ ನಿಂತ ಹುಡುಗರ ಬಾಯಲ್ಲೂ ಇದೇ ಪ್ರಶ್ನೆ. ನನ್ನ ಪ್ರಕಾರ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು. ಎದುರಿಗೆ ನಿಂತ ಯಂತ್ರ ಯಾವ ಭಾಗದಿಂದ ಹೊಡೆಯುತ್ತಿದೆ? ಆ ಭಾಗ ಕೀಳಲು ಯಾವ ಬಾಣ ಬೇಕು? ಇಷ್ಟು ಗೊತ್ತಾದರೆ ಬಿಲ್ಲು ಯಾವುದು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಆಟದ ಬಗ್ಗೆ ಎರಡು ಮಾತು. ಇದನ್ನು ಮಾಡಿದ್ದು ನೆದರ್‌ಲ್ಯಾಂಡ್ಸ್‌ನ ಗೆರಿಲ್ಲಾ ಗೇಮ್ಸ್. 2017ರ ಫೆಬ್ರವರಿಯಲ್ಲಿ ಪಿಎಸ್4ಗೆ ಬಂತು, 2020ರ ಆಗಸ್ಟ್‌ನಲ್ಲಿ ಪಿಸಿಗೆ, 2024ರ ಅಕ್ಟೋಬರ್‌ನಲ್ಲಿ ರೀಮಾಸ್ಟರ್ ಆಗಿ ಇನ್ನೊಮ್ಮೆ. ಕಥೆ ನಡೆಯುವುದು ಈಗಿನಿಂದ ಸುಮಾರು ಸಾವಿರ ವರ್ಷದ ಆಚೆ. ನಮ್ಮ ಕಾಲದ ನಗರಗಳೆಲ್ಲ ಪಾಳು ಬಿದ್ದಿವೆ. ಕಾಡು ಮೇಡುಗಳಲ್ಲಿ ಪ್ರಾಣಿಗಳ ಆಕಾರದ ಯಂತ್ರಗಳು ಓಡಾಡುತ್ತಿವೆ. ಮನುಷ್ಯರು ಮತ್ತೆ ಬಿಲ್ಲು ಬಾಣ ಹಿಡಿದಿದ್ದಾರೆ. ನೀವು ಆಡುವುದು ಏಲೋಯ್ ಎಂಬ ಹುಡುಗಿಯಾಗಿ. ಅವಳ ಕಿವಿಯ ಹತ್ತಿರ ಫೋಕಸ್ ಎಂಬ ಒಂದು ಸಣ್ಣ ಹಳೇ ಸಾಧನ ಇದೆ. ಅದನ್ನು ಒತ್ತಿದರೆ ಯಂತ್ರದ ಯಾವ ಭಾಗ ದುರ್ಬಲ, ಅದು ಯಾವ ದಾರಿಯಲ್ಲಿ ಗಸ್ತು ತಿರುಗುತ್ತದೆ, ಎಲ್ಲಾ ಕಾಣುತ್ತದೆ.

ಈ ಫೋಕಸ್ ಅನ್ನು ಎಷ್ಟೋ ಜನ ಬಳಸುವುದೇ ಇಲ್ಲ. ಯಂತ್ರ ಕಂಡ ಕೂಡಲೇ ಬಾಣ ಬಿಡುತ್ತಾರೆ. ಸ್ಟೋರಿ ಅಥವಾ ಈಸಿ ಮಟ್ಟದಲ್ಲಿ ಅದು ನಡೆಯುತ್ತದೆ, ತಪ್ಪೇನಿಲ್ಲ. ನಾರ್ಮಲ್‌ನಿಂದ ಮೇಲಕ್ಕೆ ಹೋದರೆ ನಡೆಯಲ್ಲ. ಕೆಳಗೆ ಬರೆದಿದ್ದೆಲ್ಲ ಅಂಥವರಿಗೆ.

ಡ್ಯಾಮೇಜ್ ನೋಡುವುದೋ, ಟಿಯರ್ ನೋಡುವುದೋ

ಪ್ರತಿ ಬಾಣದ ವಿವರದಲ್ಲಿ ಡ್ಯಾಮೇಜ್ ಬೇರೆ, ಟಿಯರ್ ಬೇರೆ ಎಂದು ಎರಡು ಅಂಕಿಗಳಿರುತ್ತವೆ. ಡ್ಯಾಮೇಜ್ ಯಂತ್ರದ ಜೀವ ಕಡಿಮೆ ಮಾಡುತ್ತದೆ. ಟಿಯರ್ ಅದರ ಮೈಮೇಲಿನ ತಗಡು, ಡಬ್ಬಿ, ಬಂದೂಕು ಇವನ್ನು ಕಿತ್ತು ಬೀಳಿಸುತ್ತದೆ. ಹೊಸಬರು ಮೊದಲ ಅಂಕಿ ನೋಡಿ ಬಾಣ ಆರಿಸುತ್ತಾರೆ. ಟಿಯರ್‌ಬ್ಲಾಸ್ಟ್ ಬಾಣದ ಡ್ಯಾಮೇಜ್ ನೋಡಿ ‘ಇದ್ಯಾಕೆ ಇಷ್ಟು ಕಡಿಮೆ?’ ಅಂತ ಬದಿಗಿಡುತ್ತಾರೆ. ಆದರೆ ಆಟದ ಅತಿ ಉಪಯೋಗದ ಬಾಣಗಳಲ್ಲಿ ಅದೂ ಒಂದು. ಅದು ಹೋಗಿ ಅಂಟಿಕೊಂಡು, ಒಂದು ಕ್ಷಣ ಬಿಟ್ಟು, ಗಾಳಿಯ ಹೊಡೆತದಿಂದ ಸಿಡಿಯುತ್ತದೆ. ಸುತ್ತ ಇರುವ ಭಾಗಗಳೆಲ್ಲ ಕಳಚಿ ಬೀಳುತ್ತವೆ. ಜೀವ ಮಾತ್ರ ಹೆಚ್ಚು ಕಡಿಮೆ ಹಾಗೇ ಇರುತ್ತದೆ.

ಹಾಗಾದರೆ ಯಾವಾಗ ಯಾವುದು? ಚಿಕ್ಕ ಯಂತ್ರಕ್ಕೆ ಡ್ಯಾಮೇಜ್ ಸಾಕು. ಒಂದೆರಡು ಏಟಿಗೆ ಸಾಯುವುದರ ತಗಡು ಕೀಳುತ್ತಾ ಕೂತರೆ ಸಮಯ ಹಾಳು. ಬಂದೂಕು ಹೊತ್ತ ಯಂತ್ರಕ್ಕೆ ಮಾತ್ರ ಮೊದಲು ಟಿಯರ್, ಆಮೇಲೆ ಡ್ಯಾಮೇಜ್. ರ್‍ಯಾವೇಜರ್ ಬೆನ್ನ ಮೇಲೆ ಒಂದು ತೋಪು ಇರುತ್ತದೆ. ಅದನ್ನು ಕಿತ್ತು ಬೀಳಿಸಿದರೆ ನೀವೇ ಎತ್ತಿಕೊಂಡು ಅದಕ್ಕೇ ತಿರುಗಿಸಿ ಹೊಡೆಯಬಹುದು. ದೂರದಿಂದ ಹೊಡೆಯುತ್ತಿದ್ದ ಯಂತ್ರ ಈಗ ಹತ್ತಿರ ಬಂದು ಉಗುರಿನಿಂದಲೇ ಜಗಳ ಆಡಬೇಕು. ಒಂದೇ ಕೆಲಸಕ್ಕೆ ಎರಡು ಲಾಭ.

ಬೆಂಕಿ, ಹಿಮ, ಕರೆಂಟ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಹಳ ಜನ ಗೊಂದಲ ಮಾಡಿಕೊಳ್ಳುವ ಜಾಗ ಇದು.

ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ. ಬೆಂಕಿ ಹತ್ತಿದರೆ ಯಂತ್ರ ಉರಿಯುತ್ತಾ ಇರುತ್ತದೆ, ನೀವು ಓಡಿ ಅಡಗಿಕೊಂಡರೂ ಜೀವ ಕಡಿಮೆ ಆಗುತ್ತಲೇ ಇರುತ್ತದೆ. ಹಿಮ ಹಿಡಿದರೆ ಯಂತ್ರ ನಿಧಾನ ಆಗುತ್ತದೆ, ಆಗ ಬಿದ್ದ ಪ್ರತಿ ಏಟೂ ಜಾಸ್ತಿ ನಾಟುತ್ತದೆ. ಕರೆಂಟ್ ಹೊಡೆದರೆ ಕೆಲವು ಕ್ಷಣ ಬಿದ್ದು ಒದ್ದಾಡುತ್ತದೆ, ಕೈಕಾಲು ಆಡಲ್ಲ. ಅಂದರೆ ಬೆಂಕಿ ಹೊಡೆದು ಓಡುವವರಿಗೆ, ಹಿಮ ನಿಂತು ಹೊಡೆಯುವವರಿಗೆ, ಕರೆಂಟ್ ಉಸಿರು ತಿರುಗಿಸಿಕೊಳ್ಳಲು. ಒಂದನ್ನೇ ಆರಿಸಿ ಅಂದರೆ ನಾನು ಹಿಮ ಅನ್ನುತ್ತೇನೆ. ಕವಣೆಯಿಂದ ಹಿಮದ ಬಾಂಬ್ ಎರಡು ಮೂರು ಎಸೆದು, ಮೈ ಬೆಳ್ಳಗಾದ ಮೇಲೆ ಗಟ್ಟಿ ಬಾಣ ಬಿಡುವುದು ಈ ಆಟದಲ್ಲಿ ಹೆಚ್ಚಿನ ಕಡೆ ನಡೆಯುವ ಉಪಾಯ.

ಈಗ ಗೊಂದಲದ ಮಾತು. ಯಂತ್ರದ ಮೈಗೂ ಅದರ ಮೇಲಿನ ಡಬ್ಬಿಗೂ ಬೇರೆ ಬೇರೆ ನಿಯಮ. ಹಿಮ ಉಗುಳುವ ಯಂತ್ರದ ಮೈಗೆ ಬೆಂಕಿ ಆಗಿ ಬರಲ್ಲ, ಅಂದರೆ ಬೆಂಕಿಯ ಪೆಟ್ಟು ಅದಕ್ಕೆ ಜಾಸ್ತಿ. ಅದು ಯಾರಿಗಾದರೂ ಹೊಳೆಯುತ್ತದೆ. ಆದರೆ ಅದೇ ಯಂತ್ರದ ಹಿಮದ ಚೀಲ ಸಿಡಿಯುವುದು ಹಿಮದ ಬಾಣಕ್ಕೆ! ಬ್ಲೇಜ್ ಎಂಬ ಉರಿಯುವ ಇಂಧನ ತುಂಬಿದ ಡಬ್ಬಿ ಸಿಡಿಯುವುದು ಬೆಂಕಿ ಬಾಣಕ್ಕೆ. ಪವರ್ ಸೆಲ್ ಸಿಡಿಯುವುದು ಕರೆಂಟ್ ಬಾಣಕ್ಕೆ. ಮೈಗೆ ವಿರುದ್ಧದ್ದು, ಡಬ್ಬಿಗೆ ಅದರದ್ದೇ. ಇದನ್ನು ನೆನಪಿಟ್ಟರೆ ಅರ್ಧ ಆಟ ಹಗುರ.

ಇನ್ನೊಂದು ಲೆಕ್ಕವೂ ಇದೆ. ಡಬ್ಬಿ ಸಿಡಿಸಿದರೆ ಸ್ಫೋಟ ಸಿಗುತ್ತದೆ. ಸಿಡಿಸದೆ ಟಿಯರ್‌ನಿಂದ ಕಿತ್ತು ಬೀಳಿಸಿದರೆ ಒಳಗಿನ ಸರಕು ಸಿಗುತ್ತದೆ. ಬೆಂಕಿ ಬಾಣ ಮಾಡಲು ಬ್ಲೇಜ್ ಬೇಕೇ ಬೇಕು. ಹಾಗಾಗಿ ಆಟದ ಶುರುವಿನಲ್ಲಿ ಕೀಳುವುದು ಲಾಭ. ಚೀಲ ತುಂಬಿದ ಮೇಲೆ ಬೇಕಾದಷ್ಟು ಸಿಡಿಸಿ.

ಚಿಕ್ಕವು

ವಾಚರ್‌ಗೆ ಒಂದೇ ಕಣ್ಣು. ಅದಕ್ಕೆ ಒಂದು ಬಾಣ, ಮುಗೀತು. ಇಲ್ಲಾ ತುದಿ ಕೆಂಪಗಿರುವ ಎತ್ತರದ ಹುಲ್ಲಿನಲ್ಲಿ ಕೂತು ಸಿಳ್ಳೆ ಹೊಡೆದು ಹತ್ತಿರ ಕರೆಸಿ ಸದ್ದಿಲ್ಲದೆ ಚುಚ್ಚಬಹುದು. ಕಣ್ಣಿನ ಬೆಳಕು ನೀಲಿ ಇದ್ದರೆ ಅದಕ್ಕೇನೂ ಗೊತ್ತಿಲ್ಲ. ಹಳದಿ ಅಂದರೆ ಅನುಮಾನ ಬಂದಿದೆ. ಕೆಂಪು ಆದರೆ ಅಡಗಿ ಪ್ರಯೋಜನ ಇಲ್ಲ. ಬಾಣಕ್ಕಿಂತ ಚುಚ್ಚುವುದೇ ಮೇಲು, ಯಾಕಂದ್ರೆ ಪಕ್ಕದ ಯಂತ್ರಗಳಿಗೆ ಗೊತ್ತಾಗಲ್ಲ. ದೊಡ್ಡ ಬೇಟೆಗೆ ಮುಂಚೆ ಸುತ್ತಲಿನ ವಾಚರ್‌ಗಳನ್ನು ಹೀಗೆ ಮುಗಿಸಿಕೊಳ್ಳಿ.

ಗ್ರೇಜರ್ ಹಿಂಡಿನಲ್ಲಿ ಇರುತ್ತದೆ, ಸದ್ದಾದರೆ ಓಡುತ್ತದೆ. ಬೆನ್ನ ಮೇಲೆ ನಾಲ್ಕು ಬ್ಲೇಜ್ ಡಬ್ಬಿ. ಒಂದಕ್ಕೆ ಬೆಂಕಿ ಬಾಣ ಬಿದ್ದರೆ ಪಕ್ಕದಲ್ಲಿ ಮೇಯುತ್ತಿದ್ದವಕ್ಕೂ ಪೆಟ್ಟು. ನೋಡಲು ಮಜಾ, ಆದರೆ ಮೇಲೆ ಹೇಳಿದ ಹಾಗೆ ಸರಕು ಹೋಗುತ್ತದೆ.

ಸಾಟೂತ್: ಮೂರು ದಾರಿಗಳು

ಆಟ ಮೊದಲ ಸಲ ನಿಮ್ಮನ್ನು ಬೆವರಿಳಿಸುವುದು ಇಲ್ಲೇ. ಹಲ್ಲು ಚೂಪಾದ ದೊಡ್ಡ ಬೆಕ್ಕಿನ ಜಾತಿ, ಒಂದೇ ನೆಗೆತಕ್ಕೆ ಮೈಮೇಲೆ. ಬಂದೂಕು ಗಿಂದೂಕು ಏನೂ ಇಲ್ಲ. ಅದರ ಆಯುಧ ಅಂದರೆ ವೇಗ. ಹಾಗಾಗಿ ಇಲ್ಲಿ ಕೀಳಬೇಕಾಗಿದ್ದು ಆ ವೇಗವನ್ನೇ.

ಒಂದು ದಾರಿ ಬೆಂಕಿ. ಅದರ ಮೈಗೆ ಬೆಂಕಿ ಆಗಲ್ಲ, ಹೊಟ್ಟೆ ಕೆಳಗೆ ಬ್ಲೇಜ್ ಡಬ್ಬಿ ಬೇರೆ ಇದೆ. ಎರಡು ನಿಯಮಗಳೂ ಒಂದೇ ಬಾಣಕ್ಕೆ ಸಿಗುವ ಅಪರೂಪದ ಯಂತ್ರ. ಆದರೆ ಹೊಟ್ಟೆ ಕೆಳಗಿನ ಡಬ್ಬಿಗೆ ಗುರಿ ಇಡಬೇಕಾದರೆ ಅದು ನಿಮ್ಮ ಮೇಲೆ ಹಾರುವಾಗಲೇ ಇಡಬೇಕು. ಕೈ ಗಟ್ಟಿ ಇರಬೇಕು.

ಎರಡನೇ ದಾರಿ ತಂತಿ. ಟ್ರಿಪ್‌ಕಾಸ್ಟರ್‌ನಿಂದ ಎರಡು ಕಡೆ ಗೂಟ ಹೊಡೆದು ನಡುವೆ ಬ್ಲಾಸ್ಟ್ ತಂತಿ ಎಳೆಯಬಹುದು. ಫೋಕಸ್‌ನಲ್ಲಿ ಅದರ ಗಸ್ತಿನ ದಾರಿ ನೋಡಿ, ಆ ದಾರಿಗೆ ಅಡ್ಡ ಎರಡು, ನೀವು ನಿಂತ ಹುಲ್ಲಿನ ಮುಂದೆ ಎರಡು. ಆಮೇಲೆ ಒಂದು ಬಾಣ ಬಿಟ್ಟು ಸುಮ್ನೆ ನಿಲ್ಲಿ. ಓಡಿ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಕರೆಂಟ್ ತಂತಿ ಒಂದನ್ನು ಮಧ್ಯ ಸೇರಿಸಿದರೆ ಬಿದ್ದಲ್ಲೇ ಹೊಡೆಯಬಹುದು.

ಮೂರನೆಯದು ವಶ ಮಾಡಿಕೊಳ್ಳುವುದು. ಸಿಗ್ಮಾ ಎಂಬ ಕಾಲ್ಡ್ರನ್ (ಯಂತ್ರಗಳು ತಯಾರಾಗುವ ನೆಲದಡಿಯ ಕಾರ್ಖಾನೆ) ಮುಗಿಸಿದ ಮೇಲೆ ಸಾಟೂತ್ ಅನ್ನು ಓವರ್‌ರೈಡ್ ಮಾಡಬಹುದು. ಹುಲ್ಲಿನಲ್ಲಿ ಕೂತು, ಹತ್ತಿರ ಬಂದಾಗ ಎದ್ದು, ಕೋಲು ಚುಚ್ಚಿ ಹಿಡಿಯಬೇಕು. ಕೆಲಹೊತ್ತು ನಿಮ್ಮ ಪರ ಹೊಡೆದಾಡುತ್ತದೆ.

ನನ್ನ ಮತ ತಂತಿಗೆ. ಅದರಲ್ಲೂ ಬೇಸಿಗೆಯಲ್ಲಿ. ಇದಕ್ಕೆ ಆಟದ ಹೊರಗಿನ ಕಾರಣ ಇದೆ. ಏಪ್ರಿಲ್, ಮೇ ಬಂತಂದ್ರೆ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪ್ ಬಿಸಿಯಾಗಿ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಫ್ರೇಮ್ ಬೀಳುತ್ತದೆ. ಸಾಟೂತ್ ಹಾರಿದ್ದು ಕಾಣುವ ಹೊತ್ತಿಗೆ ಏಲೋಯ್ ನೆಲದ ಮೇಲೆ ಮಲಗಿರುತ್ತಾಳೆ. ಗುರಿ ಇಟ್ಟು ಹೊಡೆಯುವ ಉಪಾಯಗಳು ತಂಪು ಹೊತ್ತಿಗೆ, ತಂತಿ ಕಟ್ಟಿ ಕಾಯುವ ಉಪಾಯಗಳು ಮಧ್ಯಾಹ್ನದ ಹೊತ್ತಿಗೆ. ಸುಮ್ನೆ ಹೇಳ್ತಿಲ್ಲ, ಮಾಡಿ ನೋಡಿ.

ಬೆಲೋಬ್ಯಾಕ್, ಸ್ನ್ಯಾಪ್‌ಮಾ, ಶೆಲ್‌ವಾಕರ್

ಬೆಲೋಬ್ಯಾಕ್‌ನಲ್ಲಿ ಎರಡು ಜಾತಿ. ಬೆಂಕಿ ಉಗುಳುವುದಕ್ಕೆ ಹಿಮ ಆಗಲ್ಲ, ಹಿಮ ಉಗುಳುವುದಕ್ಕೆ ಬೆಂಕಿ ಆಗಲ್ಲ. ಎರಡಕ್ಕೂ ಬೆನ್ನ ಮೇಲೆ ದೊಡ್ಡ ಚೀಲ, ಗಂಟಲಲ್ಲಿ ಚಿಕ್ಕ ಚೀಲ. ಎದುರಿಗೆ ನಿಂತು ಗಂಟಲಿಗೆ ಹೊಡೆಯುವುದಕ್ಕಿಂತ ಹಿಂದೆ ಸುತ್ತಿ ಬೆನ್ನ ಚೀಲ ಒಡೆಯುವುದು ಸುಲಭ, ಯಾಕಂದ್ರೆ ಅದು ತಿರುಗುವುದು ಬಹಳ ನಿಧಾನ.

ಸ್ನ್ಯಾಪ್‌ಮಾ ನೀರಿನ ಪಕ್ಕ ಇರುವ ಮೊಸಳೆ ಯಂತ್ರ. ಕೃಷ್ಣೆಯ ದಂಡೆಯಲ್ಲಿ ಮೊಸಳೆ ಬಿಸಿಲು ಕಾಯಿಸುವುದನ್ನು ನೋಡಿದ ರಾಯಚೂರಿನವರಿಗೆ ಅದರ ನಡಿಗೆ ಹೊಸದಲ್ಲ. ಗಂಟಲಲ್ಲಿ ಹಿಮದ ಚೀಲ, ಮೈಗೆ ಬೆಂಕಿ ಆಗಲ್ಲ. ನೀರಿನಿಂದ ಹೊರಗೆಳೆದು ಬೆಂಕಿ ಬಾಣ ಬಿಡಿ. ಅಷ್ಟೇ.

ಶೆಲ್‌ವಾಕರ್ ಏಡಿಯ ಆಕಾರ. ಒಂದು ಕೊಂಡಿಯಲ್ಲಿ ಗುರಾಣಿ, ಇನ್ನೊಂದರಲ್ಲಿ ಮಿಂಚಿನ ಬಂದೂಕು, ಬೆನ್ನ ಮೇಲೆ ಸರಕಿನ ಪೆಟ್ಟಿಗೆ. ಗುರಾಣಿ ಮೇಲೆ ಬಾಣ ಸುರಿಯುವವರನ್ನು ನೋಡಿದರೆ ಪಾಪ ಅನಿಸುತ್ತದೆ. ಮೊದಲು ಬಂದೂಕಿನ ಕೈ ಕೀಳಿ. ಪೆಟ್ಟಿಗೆಯ ಚಿಲಕಗಳಿಗೆ ಹೊಡೆದರೆ ಪೆಟ್ಟಿಗೆ ಬೀಳುತ್ತದೆ, ಒಳಗಿನ ಸಾಮಾನು ನಿಮ್ಮದು. ಮೈಗೆ ಹಿಮ ಆಗಲ್ಲ.

ಹಾರುವವು

ಗ್ಲಿಂಟ್‌ಹಾಕ್ ರಣಹದ್ದಿನ ಕೆಲಸ ಮಾಡುತ್ತದೆ, ಸತ್ತ ಯಂತ್ರಗಳ ಮೇಲೆ ಬಂದು ಇಳಿಯುತ್ತದೆ. ಎದೆಯಲ್ಲಿ ಹಿಮದ ಚೀಲ. ಬೆಂಕಿ ಬಾಣ ತಗುಲಿದರೆ ಉರಿಯುತ್ತಾ ಕೆಳಗೆ ಬೀಳುತ್ತದೆ. ಎರಡು ಮೂರು ಒಟ್ಟಿಗೆ ಬಂದಾಗ ಬೆಂಕಿಯೇ ಸರಿ, ಹಗ್ಗ ಬಿಟ್ಟು ಕೆಳಗೆಳೆಯಲು ಸಮಯ ಇರಲ್ಲ.

ಸ್ಟಾರ್ಮ್‌ಬರ್ಡ್‌ಗೆ ಉಲ್ಟಾ. ಅದು ಒಂಟಿ, ದೊಡ್ಡದು, ಎದೆಯಲ್ಲಿ ಮಿಂಚಿನ ಬಂದೂಕು. ಆಕಾಶದಲ್ಲಿ ಇರುವಷ್ಟು ಹೊತ್ತು ಅದರದ್ದೇ ಆಟ. ಇಲ್ಲಿ ಹಗ್ಗ ಬಿಡುವ ರೋಪ್‌ಕಾಸ್ಟರ್ ತೆಗೆಯಿರಿ. ಒಂದರ ಮೇಲೊಂದು ಹಗ್ಗ ಬಿಟ್ಟರೆ ಭಾರಕ್ಕೆ ಕೆಳಗೆ ಬಂದು ನೆಲಕ್ಕೆ ಕಟ್ಟಿ ಹಾಕಿದಂತಾಗುತ್ತದೆ. ಅದು ಬಿಡಿಸಿಕೊಳ್ಳುವ ಮೊದಲು ಎದೆಯ ಬಂದೂಕು ಕೀಳಿ. ಹಗ್ಗಕ್ಕೆ ಡ್ಯಾಮೇಜೇ ಇಲ್ಲ ಅಂತ ಬಹಳ ಜನ ರೋಪ್‌ಕಾಸ್ಟರ್ ಕೊಳ್ಳುವುದಿಲ್ಲ. ಸ್ಟಾರ್ಮ್‌ಬರ್ಡ್ ಕೈಯಲ್ಲಿ ಪೆಟ್ಟು ತಿಂದ ಮೇಲೆ ಕೊಳ್ಳುತ್ತಾರೆ.

ಕಣ್ಣಿಗೆ ಕಾಣದವು

ಇಲ್ಲಿ ಎರಡು ಯಂತ್ರಗಳನ್ನು ಎದುರುಬದುರು ಇಟ್ಟು ನೋಡಬೇಕು. ಸ್ಟಾಕರ್ ಮರೆಯಾಗುತ್ತದೆ, ರಾಕ್‌ಬ್ರೇಕರ್ ನೆಲದೊಳಗೆ ಹೋಗುತ್ತದೆ. ಎರಡೂ ಕಾಣುವುದಿಲ್ಲ, ಆದರೆ ಉಪಾಯ ಒಂದೇ ಅಲ್ಲ.

ಸ್ಟಾಕರ್ ಗಾಳಿಯಲ್ಲಿ ಬಿಸಿಲ ಝಳದ ಹಾಗೆ ಅಲುಗುತ್ತದೆ, ಅಷ್ಟೇ ಗುರುತು. ಕಾಡಿನಲ್ಲಿ ಮೈನ್ ಬೇರೆ ಹಾಕಿಟ್ಟಿರುತ್ತದೆ. ಅದರ ಮೈಮೇಲೆ ಸ್ಟೆಲ್ತ್ ಜನರೇಟರ್ ಎಂಬ ಭಾಗ ಇದೆ. ಅದು ಬಿದ್ದರೆ ಮತ್ತೆ ಮರೆಯಾಗಲು ಆಗಲ್ಲ. ಅದಾದ ಮೇಲೆ ಡಾರ್ಟ್ ಗನ್ ಕೀಳಿ. ಜನರೇಟರ್ ಚಿಕ್ಕದು, ಗುರಿ ಸಿಗುವುದು ಕಷ್ಟ ಅನ್ನುವವರು ಟಿಯರ್‌ಬ್ಲಾಸ್ಟ್ ಬಿಡಿ, ಹತ್ತಿರ ಬಿದ್ದರೂ ಸಾಕು. ಮೌಸ್ ಹಿಡಿದು ಆಡುವವರಿಗೆ ದೂರದ ಗುರಿಗೆ ಮಾಡಿದ ಶಾರ್ಪ್‌ಶಾಟ್ ಬಿಲ್ಲಿನ ಪ್ರಿಸಿಷನ್ ಬಾಣ ಚೆನ್ನಾಗಿ ಕೂರುತ್ತದೆ. ಪಿಎಸ್4 ಕಂಟ್ರೋಲರ್ ಹಿಡಿದವರಿಗೆ ಟಿಯರ್‌ಬ್ಲಾಸ್ಟೇ ಗತಿ. ಬೆನ್ನಿಗೆ ಬಂಡೆ ಇಟ್ಟುಕೊಂಡು ನಿಲ್ಲಿ, ಹಿಂದಿನಿಂದ ಬರುವ ಭಯ ತಪ್ಪುತ್ತದೆ.

ರಾಕ್‌ಬ್ರೇಕರ್‌ಗೆ ಕಣ್ಣಿಗಿಂತ ಕಿವಿ ಚುರುಕು. ಓಡಿದರೆ ಕಾಲ ಸದ್ದಿಗೆ ಬಂದು ಕೆಳಗಿನಿಂದ ಎದ್ದು ಬಿಡುತ್ತದೆ. ಹಾಗಾಗಿ ಎತ್ತರದ ಬಂಡೆ ಹತ್ತಿ ನಿಲ್ಲುವುದು ಮೊದಲ ಕೆಲಸ. ರಾಯಚೂರು ಕೋಟೆ ಗುಡ್ಡ ಹತ್ತಿ ಇಳಿದು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾ? ಅದು ಮೇಲೆ ಬಂದಾಗ ಅಗೆಯುವ ತೋಳುಗಳನ್ನು ಕೀಳಿ. ನಾಲ್ಕೂ ಬಿದ್ದರೆ ಒಳಗೆ ಹೋಗಲು ಆಗಲ್ಲ. ಆಮೇಲೆ ಅದು ಬರೀ ದೊಡ್ಡ ಗುರಿ. ಆದರೆ ಬಂಡೆ ಮೇಲೆ ಒಂದೇ ಕಡೆ ಕೂರಬೇಡಿ, ಕಲ್ಲು ಉಗುಳುತ್ತದೆ.

ಕಲ್ಲು ಅಂದಾಗ ಬೆಹೆಮತ್ ನೆನಪಾಯಿತು. ಅದು ಮುಟ್ಟದೆಯೇ ಬಂಡೆಗಳನ್ನು ಎತ್ತಿ ಎಸೆಯುತ್ತದೆ. ನಮ್ಮ ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಆ ಉದ್ದನೆಯ ಕಲ್ಲನ್ನು ಗಾಡಿ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಬೆಹೆಮತ್ ಇದ್ದಿದ್ದರೆ ಗಾಡಿ ಬೇಕಿರಲಿಲ್ಲ. ಅದರ ಫೋರ್ಸ್ ಲೋಡರ್ ಎಂಬ ಭಾಗಗಳನ್ನು ಕಿತ್ತರೆ ಕಲ್ಲು ಎತ್ತುವುದು ನಿಲ್ಲುತ್ತದೆ. ಆಮೇಲೆ ಗುಮ್ಮಲು ಓಡಿ ಬರುತ್ತದೆ, ಪಕ್ಕಕ್ಕೆ ಉರುಳಿದರೆ ಆಯಿತು.

ಥಂಡರ್‌ಜಾ, ಹತ್ತಿರದಿಂದ

ಸಿಂಧನೂರಿನಿಂದ ರಜೆಗೆ ಬಂದ ಅಕ್ಕನ ಮಗ ಇದರ ಜೊತೆ ಗುದ್ದಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಬೇಟೆ ಬಿಲ್ಲಿನಿಂದ ಸುಮ್ನೆ ಬಾಣ ಬಿಡುತ್ತಿದ್ದಾನೆ. ತಗಡುಗಳಿಗೆ ತಾಗಿ ಟಣ್ ಟಣ್ ಅನ್ನುತ್ತಿದೆ.

‘ಮಾಮಾ, ಎಷ್ಟ್ ಹೊಡದ್ರೂ ಸಾಯವಲ್ದು.’

‘ಸಾಯ್ಸು ಅಂತ ಯಾರ್ ಹೇಳ್ಯಾರ? ಮೊದಲ ಬೆನ್ನ ಮ್ಯಾಲಿಂದು ಕೀಳು.’

ಬೆನ್ನ ಮೇಲೆ, ಆಚೆ ಈಚೆ, ಎರಡು ಡಿಸ್ಕ್ ಲಾಂಚರ್. ಅವು ಬಿಡುವ ತಟ್ಟೆಗಳು ಗಾಳಿಯಲ್ಲಿ ಒಂದು ಕ್ಷಣ ನಿಂತು ಆಮೇಲೆ ನಿಮ್ಮ ಕಡೆ ಬರುತ್ತವೆ. ದವಡೆಯ ಪಕ್ಕ ಎರಡು ತೋಪು. ರಾಡಾರ್ ಬೇರೆ ಇದೆ, ಹುಲ್ಲಿನಲ್ಲಿ ಅಡಗಿದವರನ್ನೂ ಹುಡುಕಲು. ಹತ್ತಿರ ಹೋದರೆ ಬಾಲ. ಅಂದರೆ ದೂರ ಇದ್ದರೂ ಪೆಟ್ಟು, ಹತ್ತಿರ ಇದ್ದರೂ ಪೆಟ್ಟು. ಎಲ್ಲಿ ನಿಲ್ಲಬೇಕು ಅನ್ನುವುದಕ್ಕಿಂತ ಯಾವುದನ್ನು ಮೊದಲು ಇಲ್ಲದಂತೆ ಮಾಡಬೇಕು ಅನ್ನುವುದು ಇಲ್ಲಿ ಪ್ರಶ್ನೆ.

ಹುಡುಗ ಶಾರ್ಪ್‌ಶಾಟ್ ಬಿಲ್ಲು ತೆಗೆದು ಟಿಯರ್‌ಬ್ಲಾಸ್ಟ್ ಹಾಕಿದ. ಹುಲ್ಲಿನಿಂದ ಮೊದಲ ಬಾಣ, ಬಲಗಡೆ ಲಾಂಚರ್ ಬುಡಕ್ಕೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಢಪ್ ಅಂತ ಸಿಡಿದು ತಗಡುಗಳು ಹಾರಿದವು. ಇನ್ನೊಂದು ಬಿಟ್ಟ, ಲಾಂಚರ್ ಕಳಚಿ ಹುಲ್ಲಿನಲ್ಲಿ ಬಿತ್ತು. ಯಂತ್ರ ಕೆಂಪು ಕಣ್ಣು ಮಾಡಿ ತಿರುಗಿತು. ಅವನು ಓಡಿದ, ಜಾರಿದ, ಕಾನ್ಸಂಟ್ರೇಷನ್ ಒತ್ತಿ ಸಮಯ ನಿಧಾನ ಮಾಡಿ ಎಡಗಡೆಯದಕ್ಕೂ ಎರಡು ಬಿಟ್ಟ. ಅದೂ ಬಿತ್ತು.

‘ಈಗ ಅದನ್ನ ಎತ್ಕೋ.’

‘ಇದು ನಾ ಹೊಡಿಯಾಕ ಬರ್ತದೇನು?’

ಬರುತ್ತದೆ. ಬಿದ್ದ ಡಿಸ್ಕ್ ಲಾಂಚರ್ ಎತ್ತಿಕೊಂಡರೆ ಏಲೋಯ್ ನಿಧಾನ ಆಗುತ್ತಾಳೆ, ಉರುಳಿ ತಪ್ಪಿಸಿಕೊಳ್ಳಲು ಆಗಲ್ಲ, ಗುಂಡುಗಳೂ ಎಣಿಕೆಯವು. ಆದರೆ ಒಂದೊಂದು ಏಟೂ ಆಟದಲ್ಲೇ ದೊಡ್ಡದು. ಹುಡುಗ ಎಲ್ಲಾ ಖಾಲಿ ಮಾಡಿ, ಅದನ್ನು ಬಿಸಾಡಿ, ಎರಡನೆಯದರ ಹತ್ತಿರ ಓಡಿದ. ಥಂಡರ್‌ಜಾ ಬಿತ್ತು. ಮೊದಲು ಖರ್ಚು ಮಾಡಿದ್ದ ಬೇಟೆ ಬಾಣಗಳಿಂದ ಆಗಿದ್ದು ಬರೀ ಸದ್ದು.

ಬೇರೆ ದಾರಿ ಇಲ್ಲವಾ? ಇದೆ. ಝೀಟಾ ಕಾಲ್ಡ್ರನ್ ಮುಗಿಸಿದರೆ ಥಂಡರ್‌ಜಾ ಅನ್ನೇ ಓವರ್‌ರೈಡ್ ಮಾಡಬಹುದು. ಆದರೆ ಝೀಟಾ ಮುಗಿಸಲು ಒಳಗೇ ಒಂದು ಥಂಡರ್‌ಜಾ ಜೊತೆ ಹೊಡೆದಾಡಬೇಕು. ಹಗ್ಗ ಹಾಕಬಹುದು, ಬಹಳ ಬೇಕಾಗುತ್ತವೆ. ಕರಪ್ಷನ್ ಬಾಣದಿಂದ ಪಕ್ಕದ ಯಂತ್ರಗಳನ್ನು ಇದರ ಮೇಲೆ ಬಿಡಬಹುದು, ಪಕ್ಕದಲ್ಲಿ ದೊಡ್ಡದು ಯಾವುದಾದರೂ ಇದ್ದರೆ ಮಾತ್ರ ಲಾಭ. ಹಿಮ ಹಿಡಿಸಿ ಹೊಡೆಯುವುದೂ ನಡೆಯುತ್ತದೆ, ಆದರೆ ಲಾಂಚರ್ ಬಿದ್ದ ಮೇಲೆ. ಎಲ್ಲದರಲ್ಲೂ ಲಾಂಚರ್ ಕೀಳುವುದೇ ನನಗೆ ಖರ್ಚು ಕಡಿಮೆ, ಖಾತ್ರಿ ಜಾಸ್ತಿ ಅನಿಸುವುದು.

ಹಳೇ ಯುದ್ಧದ ಯಂತ್ರಗಳು

ಇವು ಮೇಲೆ ಹೇಳಿದ ಯಂತ್ರಗಳ ಜಾತಿಯವಲ್ಲ. ಮನುಷ್ಯರೇ ಯುದ್ಧಕ್ಕೆ ಮಾಡಿದ್ದು, ಲೋಕ ಹಾಳು ಮಾಡಿದ್ದೂ ಇವೇ.

ಕರಪ್ಟರ್‌ಗೆ ಬೆಂಕಿ. ಯೋಚನೆ ಬೇಡ. ಅದು ಕೆಡಿಸಿದ ಬೇರೆ ಯಂತ್ರಗಳಿಗೂ ಬೆಂಕಿಯೇ ಆಗಲ್ಲ. ಕಪ್ಪು ಕೆಂಪು ಹೊಗೆ ಆಡುತ್ತಿರುವ ಯಂತ್ರ ಕಂಡರೆ ಬೆಂಕಿ ಬಾಣ ಹಾಕಿಕೊಳ್ಳಿ.

ಡೆತ್‌ಬ್ರಿಂಗರ್‌ದು ಬೇರೆ ಕಥೆ. ಮೈತುಂಬ ಬಂದೂಕು, ಎಲ್ಲವನ್ನೂ ಕೀಳಲು ಹೋದರೆ ಬಾಣ ಸಾಲಲ್ಲ. ಇಲ್ಲಿ ಮಾತ್ರ ನನ್ನ ನಿಯಮ ಬದಲಾಗುತ್ತದೆ, ಕೀಳುವುದಕ್ಕಿಂತ ಕಾಯುವುದು ಮೇಲು. ಹೊಡೆದು ಹೊಡೆದು ಅದು ಬಿಸಿಯಾಗುತ್ತದೆ. ಬಿಸಿ ಮಿತಿ ಮುಟ್ಟಿದಾಗ ತಣಿಯಲು ಮೈ ತೆರೆದು ಒಳಗಿನ ಕೋರ್‌ಗಳನ್ನು ಹೊರಗೆ ಹಾಕುತ್ತದೆ. ಅಲ್ಲಿವರೆಗೆ ಗೋಡೆ ಹಿಂದೆ ಇರಿ. ತೆರೆದಾಗ ಮಾತ್ರ ಹೊರಗೆ ಬಂದು ಗಟ್ಟಿ ಬಾಣಗಳನ್ನು ಕೋರ್‌ಗೇ ಬಿಡಿ.

ಮನುಷ್ಯ ಶತ್ರುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಲೆಗೆ ಬಾಣ, ಮೊದಲು ಎಚ್ಚರಿಕೆ ಗಂಟೆಯ ಹತ್ತಿರ ಇರುವವನು. ಆಟದ ಬೇಸರದ ಭಾಗ ಅಂದರೆ ಇದೇ.

ಏನು ಮೊದಲು ಕೊಳ್ಳಬೇಕು

ಶಾರ್ಡ್, ಅಂದರೆ ಆಟದೊಳಗಿನ ದುಡ್ಡು, ಕೈಯಲ್ಲಿ ಕಡಿಮೆ ಇದ್ದಾಗ ಈ ಪ್ರಶ್ನೆ ಬರುತ್ತದೆ. ಆಟದಲ್ಲಿ ಆಯುಧಗಳು ಸಾದಾ, ಕಾರ್ಜಾ, ಶ್ಯಾಡೋ ಎಂದು ಮೂರು ದರ್ಜೆ. ದರ್ಜೆ ಏರಿದಂತೆ ಬಾಣದ ಜಾತಿಗಳು ಜಾಸ್ತಿ, ಆಯುಧದ ಬಲ ಹೆಚ್ಚಿಸುವ ಮಾಡಿಫಿಕೇಷನ್ ಹಾಕುವ ಜಾಗವೂ ಜಾಸ್ತಿ. ಬೇಟೆ ಬಿಲ್ಲನ್ನೇ ಮೊದಲು ಶ್ಯಾಡೋ ಮಾಡಿಕೊಳ್ಳುವ ಆಸೆ ಎಲ್ಲರಿಗೂ. ನಾನು ಹೇಳುವುದು ಬೇರೆ. ಮೊದಲು ಟ್ರಿಪ್‌ಕಾಸ್ಟರ್. ಆಮೇಲೆ ಟಿಯರ್‌ಬ್ಲಾಸ್ಟ್ ಇರುವ ಕಾರ್ಜಾ ಶಾರ್ಪ್‌ಶಾಟ್. ಮೂರನೆಯದು ಹಿಮದ ಬಾಂಬಿನ ಕವಣೆ. ಬೇಟೆ ಬಿಲ್ಲು ನಾಲ್ಕನೆಯದು. ರೋಪ್‌ಕಾಸ್ಟರ್ ಸ್ಟಾರ್ಮ್‌ಬರ್ಡ್ ಕಾಣುವ ಮೊದಲು. ರ್‍ಯಾಟ್ಲರ್ ಎಂಬ ಆಯುಧ ನೋಡಲು ಚೆಂದ, ಹತ್ತಿರ ಹೋಗಿ ಹೊಡೆಯಬೇಕು. ನನಗಂತೂ ಬೇಡ.

ಮಾಡಿಫಿಕೇಷನ್ ಹಾಕುವಾಗಲೂ ಅದೇ ಲೆಕ್ಕ. ಶಾರ್ಪ್‌ಶಾಟ್‌ಗೆ ಟಿಯರ್ ಕಾಯಿಲ್, ಕವಣೆಗೆ ಹಿಮದ್ದು. ಎಲ್ಲದಕ್ಕೂ ಡ್ಯಾಮೇಜ್ ತುಂಬುವವರ ಬಾಣ ಬೇಗ ಖಾಲಿ.

ಅಭ್ಯಾಸಕ್ಕೆ ಹಂಟಿಂಗ್ ಗ್ರೌಂಡ್ ಎಂಬ ಐದು ಜಾಗಗಳಿವೆ, ಒಂದೊಂದರಲ್ಲೂ ಮೂರು ಪರೀಕ್ಷೆ. ಡಬ್ಬಿ ಕೀಳುವುದು, ತಂತಿ ಹಾಕುವುದು, ಹಗ್ಗ ಕಟ್ಟುವುದು ಒಂದೊಂದನ್ನೇ ಗಡಿಯಾರ ಇಟ್ಟು ಕಲಿಸುತ್ತಾರೆ. ಕಥೆ ಬಿಟ್ಟು ಒಂದು ಸಂಜೆ ಇಲ್ಲಿ ಕಳೆದರೆ ನಷ್ಟ ಇಲ್ಲ. ಇನ್ನೊಂದು, ದೊಡ್ಡ ಬೇಟೆಗೆ ಹೋಗುವ ಮೊದಲು ಹತ್ತಿರದ ಕ್ಯಾಂಪ್‌ಫೈರ್‌ನಲ್ಲಿ ಸೇವ್ ಮಾಡಿ. ಏಲೋಯ್ ಸಾಯುವ ಭಯಕ್ಕಲ್ಲ, ಕರೆಂಟ್ ಹೋಗುವ ಭಯಕ್ಕೆ.

ಫ್ರೋಝನ್ ವೈಲ್ಡ್ಸ್‌ಗೆ ಹೋಗುವವರಿಗೆ

2017ರ ನವೆಂಬರ್‌ನಲ್ಲಿ ಬಂದ ಈ ಹೆಚ್ಚುವರಿ ಭಾಗ ಈಗ ಪಿಸಿ ಆವೃತ್ತಿಯ ಜೊತೆಗೇ ಬರುತ್ತದೆ. ಮಟ್ಟ ಏರಿಸಿಕೊಳ್ಳದೆ ಹೋಗಬೇಡಿ. ಸ್ಕಾರ್ಚರ್, ಫೈರ್‌ಕ್ಲಾ ಎರಡಕ್ಕೂ ಹಿಮ. ಫ್ರಾಸ್ಟ್‌ಕ್ಲಾಗೆ ಬೆಂಕಿ. ಫೈರ್‌ಕ್ಲಾ ಕರಡಿಯ ಆಕಾರ, ಇಡೀ ಆಟದಲ್ಲಿ ನನಗೆ ಅತಿ ಕಷ್ಟ ಅನಿಸಿದ್ದು ಅದೇ. ಇಲ್ಲಿ ಸಿಗುವ ಐಸ್‌ರೇಲ್ ಎಂಬ ಆಯುಧ ಅದಕ್ಕೇ ಮಾಡಿದಂತಿದೆ. ಬಾನುಕ್ ಜನರ ಬಿಲ್ಲುಗಳೂ ಸಿಗುತ್ತವೆ, ಹೆದೆಯನ್ನು ಜಾಸ್ತಿ ಹೊತ್ತು ಎಳೆದು ಹಿಡಿದರೆ ಜಾಸ್ತಿ ಪೆಟ್ಟು. ಅಡಗಿ ಹೊಡೆಯುವವರಿಗೆ ಒಳ್ಳೆಯದು, ಓಡುತ್ತಾ ಹೊಡೆಯುವವರಿಗೆ ಹಳೇ ಬಿಲ್ಲೇ ವಾಸಿ.

ಇಲ್ಲಿ ನೇರಳೆ ಬೆಳಕಿನ ಡೀಮಾನಿಕ್ ಯಂತ್ರಗಳಿವೆ, ಅವನ್ನು ಓವರ್‌ರೈಡ್ ಮಾಡಲು ಆಗಲ್ಲ. 'ವಶ ಮಾಡಿಕೊಂಡು ಬಿಡ್ತೀನಿ' ಅಂತ ಹುಲ್ಲಿನಲ್ಲಿ ಕೂತು ಕಾಯಬೇಡಿ. ಅವುಗಳ ನಡುವೆ ಕಂಟ್ರೋಲ್ ಟವರ್ ಇದ್ದರೆ ಬೇರೆ ಯಾವುದಕ್ಕೂ ಬಾಣ ಬಿಡುವ ಮೊದಲು ಅದನ್ನು ನೋಡಿ. ಟವರ್ ಬಿಡುವ ಅಲೆ ಸುತ್ತಲಿನ ಯಂತ್ರಗಳ ಗಾಯ ರಿಪೇರಿ ಮಾಡುತ್ತದೆ, ನೀವು ಕಷ್ಟಪಟ್ಟು ಇಳಿಸಿದ ಜೀವ ಮತ್ತೆ ತುಂಬುತ್ತದೆ. ದೂರದಿಂದ ಬಾಣ ಬಿಟ್ಟು ಒಡೆಯಬಹುದು, ಬಗ್ಗಿ ಹೋಗಿ ಓವರ್‌ರೈಡ್ ಮಾಡಬಹುದು. ಹುಲ್ಲು ಟವರ್ ತನಕ ಇದ್ದರೆ ಬಗ್ಗಿ ಹೋಗಿ, ಬಾಣ ಉಳಿಯುತ್ತದೆ. ಬಯಲಿದ್ದರೆ ದೂರದಿಂದಲೇ ಮುಗಿಸಿ.